ಕಾಣೆಯಾದ ‘ಇಸು’: ಸುರಪುರದ ಲೇಖಕರೊಬ್ಬರಿಗೆ

ಮಾನ್ಯ ಲೇಖಕರಿಗೆ ಶರಣು.

ದೊಡ್ಡ ತಂತ್ರಜ್ಞಾನ ಕಂಪನಿಗಳು ತಮ್ಮ ಲಾಭದ ಲೆಕ್ಕವನ್ನು ಸ್ನೇಹದ ಧಾಟಿಯ ಪುಟ್ಟ ಪ್ರಕಟಣೆಗಳ ಹಿಂದೆ ಮರೆಮಾಡುತ್ತವೆ ಎಂದು ವಾದಿಸುವ ನಿಮ್ಮ ‘ನಗುಮುಖದ ಲೂಟಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ವಿಷಯ ಒಳ್ಳೆಯದು, ನಿಮ್ಮ ಗಮನವೂ ಚುರುಕಾಗಿದೆ. ಆದರೆ ಲೇಖನ ಮೊದಲ ಪುಟದಿಂದ ಕೊನೆಯವರೆಗೆ ಸಿಟ್ಟಿನಲ್ಲೇ ನಡೆದಿದೆ. ‘ಲೂಟಿ’ ಎಂಬ ಪದಕ್ಕೆ ನಾನು ಹದಿನಾಲ್ಕು ಕಡೆ ಕೆಂಪು ಗೆರೆ ಎಳೆದಿದ್ದೇನೆ, ಹದಿನಾಲ್ಕನೆಯ ಸಲ ಬರುವ ಹೊತ್ತಿಗೆ ಆ ಪದದಲ್ಲಿ ಏನೂ ಉಳಿದಿರಲಿಲ್ಲ.

ಕಂಪನಿ ಲಾಭಕ್ಕಾಗಿ ನಡೆಯುತ್ತದೆ ಎಂಬುದು ನಮ್ಮ ಓದುಗರಿಗೆ ಸುದ್ದಿಯಲ್ಲ. ಕಲಬುರಗಿಯ ನೆಹರು ಗಂಜಿಗೆ ತೊಗರಿ ತಂದ ರೈತನಿಗೆ ಅಂಗಡಿಯವರು ಪುಣ್ಯಕ್ಕಾಗಿ ಕುಳಿತಿಲ್ಲವೆಂಬುದು ಚೆನ್ನಾಗಿ ಗೊತ್ತು. ಹಮಾಲಿ ಎಷ್ಟು, ತೂಕದ ಖರ್ಚು ಎಷ್ಟು, ಯಾವುದಕ್ಕೆ ಎಷ್ಟು ಮುರಿದುಕೊಂಡರು ಎಂಬುದು ಪಟ್ಟಿಯಲ್ಲಿ ಬರೆದಿರಬೇಕು ಎಂಬುದಷ್ಟೇ ಅವನ ತಕರಾರು. ನೀವೂ ತಕರಾರು ತೆಗೆಯಬೇಕಾದದ್ದು ಲಾಭದ ಮೇಲಲ್ಲ, ಆ ಪಟ್ಟಿಯ ಮೇಲೆ.

ನಿಮ್ಮ ಎರಡನೆಯ ಪುಟದಲ್ಲಿ, ಪಾಸ್‌ವರ್ಡ್ ಹಂಚಿಕೆಯ ವಿಷಯದಲ್ಲಿ ನೆಟ್‌ಫ್ಲಿಕ್ಸ್ ‘ನಿಜವನ್ನು ಮುಚ್ಚಿಟ್ಟಿತು’ ಎಂದಿದೆ. ಇದು ಸರಿಯಲ್ಲ, ಮತ್ತು ನಿಜ ಸಂಗತಿ ನಿಮ್ಮ ಆರೋಪಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ. 2017ರ ಮಾರ್ಚ್‌ನಲ್ಲಿ ಆ ಕಂಪನಿ, ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ಒಂದು ಸಾಲನ್ನು ಟ್ವಿಟರ್‌ನಲ್ಲಿ ಹಾಕಿತ್ತು. 2022ರ ಮೊದಲ ತ್ರೈಮಾಸಿಕದಲ್ಲಿ ಎರಡು ಲಕ್ಷ ಚಂದಾದಾರರು ಕಡಿಮೆಯಾದಾಗ, ಅದೇ ಕಂಪನಿ ಷೇರುದಾರರಿಗೆ ಬರೆದ ಪತ್ರದಲ್ಲಿ, ಹಣ ಕೊಡುವ 22.2 ಕೋಟಿ ಮನೆಗಳಲ್ಲದೆ ಇನ್ನೂ 10 ಕೋಟಿಗೂ ಹೆಚ್ಚು ಮನೆಗಳು ಬೇರೆಯವರ ಪಾಸ್‌ವರ್ಡ್‌ನಿಂದ ನೋಡುತ್ತಿವೆ ಎಂದು ಲೆಕ್ಕ ಒಪ್ಪಿಸಿತು. 2023ರ ಜುಲೈನಲ್ಲಿ ಭಾರತದ ಗ್ರಾಹಕರಿಗೆ ಬಂದ ಇಮೇಲ್, ಖಾತೆ ಇರುವುದು ಒಂದು ಮನೆಯವರ ಬಳಕೆಗೆ ಎಂದು ವಿನಯದಿಂದ ತಿಳಿಸಿತು. ಮುಚ್ಚಿಟ್ಟದ್ದೇನೂ ಇಲ್ಲ, ಷೇರುದಾರರಿಗೆ ಲೆಕ್ಕ ಹೇಳಿದರು, ನಮಗೆ ನಿಯಮ ಹೇಳಿದರು. ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದರೆ ನಿಮಗೆ ಒಂದೇ ಒಂದು ‘ಲೂಟಿ’ಯೂ ಬೇಕಾಗುತ್ತಿರಲಿಲ್ಲ. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳ ಇಂಥ ಪತ್ರಗಳು ಯಾರಿಗೆ ಬೇಕಾದರೂ ಓದಲು ಸಿಗುತ್ತವೆ, ನೀವು ಒಂದನ್ನಾದರೂ ಓದಿದಂತೆ ಕಾಣಲಿಲ್ಲ.

ಆಪಲ್ ವಿಷಯದಲ್ಲಿಯೂ ನೀವು ಅವಸರ ಮಾಡಿದ್ದೀರಿ. 2020ರ ಅಕ್ಟೋಬರ್‌ನಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಚಾರ್ಜರ್ ತೆಗೆದಾಗ ಕೊಟ್ಟ ಪರಿಸರದ ಕಾರಣವನ್ನು ‘ಶುದ್ಧ ಸುಳ್ಳು’ ಎಂದು ಬರೆದಿದ್ದೀರಿ. ಪೆಟ್ಟಿಗೆ ಚಿಕ್ಕದಾದರೆ ಸಾಗಣೆಯ ಒಂದೇ ಹಲಗೆಯ (ಪ್ಯಾಲೆಟ್) ಮೇಲೆ ಶೇ. 70ರಷ್ಟು ಹೆಚ್ಚು ಪೆಟ್ಟಿಗೆ ಹಿಡಿಯುತ್ತವೆ ಎಂದು ಕಂಪನಿ ಹೇಳಿತ್ತು. ಆದರೆ ಸಾಗಣೆಯ ಇಂಗಾಲ ಉಳಿಸುವ ಆ ಪೆಟ್ಟಿಗೆಯೇ ಸಾಗಣೆಯ ಖರ್ಚನ್ನೂ ಉಳಿಸುತ್ತದೆ, ಜೊತೆಗೆ ಚಾರ್ಜರ್ ಬೇಕಾದವರು ಅದನ್ನು ಬೇರೆಯಾಗಿ ಕೊಳ್ಳುತ್ತಾರೆ. ಎರಡು ಕಾರಣಗಳಿದ್ದಾಗ ಒಂದನ್ನು ಮಾತ್ರ ವೇದಿಕೆಯ ಮೇಲೆ ಹೇಳಿದ್ದು ಸುಳ್ಳಲ್ಲ, ಅರ್ಧ ಪಟ್ಟಿ. ಬ್ರೆಜಿಲ್ ಸರ್ಕಾರ 2022ರಲ್ಲಿ ದಂಡ ಹಾಕಿ, ಚಾರ್ಜರ್ ಇಲ್ಲದ ಐಫೋನ್ ಮಾರುವಂತಿಲ್ಲ ಎಂದು ಆದೇಶಿಸಿದ್ದನ್ನು ನೀವು ಹೇಳಿಯೇ ಇಲ್ಲ. ನಿಮ್ಮ ವಾದಕ್ಕೆ ಅದೇ ಗಟ್ಟಿ ಆಧಾರವಾಗುತ್ತಿತ್ತು. ಹಾಗೆಯೇ ವಾಟ್ಸ್‌ಆ್ಯಪ್‌ನ 2021ರ ಗೋಪ್ಯತಾ ನೀತಿಗಾಗಿ ಅದರ ಒಡೆತನದ ಮೆಟಾ ಕಂಪನಿಗೆ ‘ಸಾವಿರಾರು ಕೋಟಿ’ ದಂಡ ಬಿತ್ತು ಎಂದಿದ್ದೀರಿ. ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್ 18ರಂದು ವಿಧಿಸಿದ್ದು 213.14 ಕೋಟಿ ರೂಪಾಯಿ, ಅದರ ಮೇಲೆ ಕಂಪನಿ ಮೇಲ್ಮನವಿಗೂ ಹೋಯಿತು. ಒಂದು ಅಂಕಿ ತಪ್ಪಿದರೆ ಓದುಗ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಕಟಣೆಗಳ ಭಾಷೆ ‘ನಯವಂಚನೆಯದು’ ಎಂದು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ, ಆ ನಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಲ್ಲ. ಫೋನಿಗೆ ಬರುವ ಕನ್ನಡದ ಸೂಚನೆಗಳನ್ನೇ ತೆಗೆದುಕೊಳ್ಳಿ. ‘ಉಚಿತ ಸೌಲಭ್ಯ ಕೊನೆಗೊಳ್ಳಲಿದೆ’, ‘ದರಗಳು ಬದಲಾಗುತ್ತಿವೆ’, ‘ಜಾಹೀರಾತುಗಳು ಕಾಣಿಸಿಕೊಳ್ಳಲಿವೆ’. ಈ ವಾಕ್ಯಗಳಲ್ಲಿ ಮಾಡುವವರು ಯಾರೂ ಇಲ್ಲ. ನಮ್ಮ ಭಾಷೆಯಲ್ಲಿ ಏರು ಎಂಬುದಕ್ಕೆ ಏರಿಸು ಇದೆ, ನಿಲ್ಲು ಎಂಬುದಕ್ಕೆ ನಿಲ್ಲಿಸು ಇದೆ, ಕೊನೆಗೊಳ್ಳು ಎಂಬುದಕ್ಕೆ ಕೊನೆಗೊಳಿಸು ಇದೆ. ಈ ‘ಇಸು’ ಬಂದ ಕೂಡಲೇ ವಾಕ್ಯ ‘ಯಾರು?’ ಎಂದು ಕೇಳುತ್ತದೆ, ‘ಯಾರು’ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆ ‘ಯಾಕೆ’ ಎಂಬುದು ತಾನೇ ಹಿಂದೆ ಬರುತ್ತದೆ. ‘ಇಸು’ ತೆಗೆದುಹಾಕಿದರೆ ದರವೂ ಮುಂಗಾರಿನಂತೆ ತನ್ನಷ್ಟಕ್ಕೆ ತಾನು ಬರುತ್ತದೆ. ಅಮೆಜಾನ್ ಪ್ರೈಮ್ ವಿಡಿಯೋ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತು ತೋರಿಸಲು ಆರಂಭಿಸಿತು, ಅದು ಬೇಡವೆಂದವರು ವರ್ಷಕ್ಕೆ 699 ಅಥವಾ ತಿಂಗಳಿಗೆ 129 ರೂಪಾಯಿ ಹೆಚ್ಚು ಕೊಡಬೇಕೆಂದಿತು. ಇದನ್ನು ನಾನು ‘ಇಸು’ ಸೇರಿಸಿ ಬರೆದಿದ್ದೇನೆ. ನಿಮ್ಮ ಲೇಖನದಲ್ಲಿ ಇದೇ ಸಂಗತಿ ‘ಜಾಹೀರಾತುಗಳು ಬಂದುಬಿಟ್ಟವು’ ಎಂದಿದೆ! ‘ನಮ್ಮ ಖಾಸಗಿತನ ಕಳೆದುಹೋಗುತ್ತಿದೆ’, ‘ಉಚಿತದ ಕಾಲ ಮುಗಿಯಿತು’ ಎಂಬ ನಿಮ್ಮ ಸಾಲುಗಳೂ ಅದೇ ಅಚ್ಚಿನವು. ಯಾರ ಭಾಷೆಯನ್ನು ಟೀಕಿಸಲು ಹೊರಟಿರೋ ಅವರ ವ್ಯಾಕರಣವನ್ನೇ ಎರವಲು ತಂದಿದ್ದೀರಿ. ತಿದ್ದುವಾಗ ಪ್ರತಿ ವಾಕ್ಯಕ್ಕೂ ಕರ್ತೃವನ್ನು ಹುಡುಕಿ ಕೂಡಿಸಿರಿ.

ಗೂಗಲ್ ಫೋಟೋಸ್ ಕುರಿತ ಭಾಗವನ್ನು ಉಳಿಸಿಕೊಳ್ಳಬಹುದು, ಆದರೆ ಎರಡೂ ಕಡೆಯ ಮಾತು ಇರಲಿ. 2015ರಲ್ಲಿ ಮಿತಿಯಿಲ್ಲದ ಉಚಿತ ಜಾಗ ಕೊಟ್ಟು, 2021ರ ಜೂನ್ 1ರಿಂದ ಹೊಸ ಚಿತ್ರಗಳನ್ನೆಲ್ಲ 15 ಜಿಬಿ ಮಿತಿಯೊಳಗೆ ಲೆಕ್ಕ ಹಾಕಿದರು. ವಾರಕ್ಕೆ 2,800 ಕೋಟಿ ಚಿತ್ರ, ವಿಡಿಯೋಗಳು ಬರುತ್ತಿವೆ ಎಂದು ಕಂಪನಿ ಅದೇ ಪ್ರಕಟಣೆಯಲ್ಲಿ ಹೇಳಿತ್ತು, ಅಷ್ಟನ್ನು ಇಡುವುದಕ್ಕೆ ಖರ್ಚು ಇದ್ದೇ ಇದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಐದಾರು ವರ್ಷ ಉಚಿತವಾಗಿ ಇಡಿಸಿಕೊಂಡು, ಬೇರೆ ಕಡೆ ಸಾಗಿಸುವುದೇ ಕಷ್ಟವಾಗುವಷ್ಟು ನೆನಪುಗಳು ಕೂಡಿದ ಮೇಲೆ ಬೆಲೆ ಹೇಳುವುದು ಎಂಥ ವ್ಯಾಪಾರ?

‘ಕೇಳುವವರೇ ಇಲ್ಲ’ ಎಂಬ ಸಾಲನ್ನು ತೆಗೆಯಿರಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಲಾಗಿದೆ. ಅವುಗಳಲ್ಲಿ ಬೆಲೆಯ ಒಂದು ಭಾಗವನ್ನು ಕೊನೆಗೆ ತೋರಿಸುವುದೂ ಇದೆ, ಬೇಡವೆಂದವರನ್ನು ನಾಚಿಸುವುದೂ ಇದೆ. ನಯವಾದ ಪ್ರಕಟಣೆ ಬರೆಯುವುದು ಆ ಪಟ್ಟಿಯಲ್ಲಿ ಇಲ್ಲ ಎಂಬುದನ್ನೂ ಹೇಳಿ.

ನಿಮ್ಮ ನಾಲ್ಕನೆಯ ಪುಟದ ನಡುವೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಇಡೀ ಲೇಖನದ ಅತ್ಯುತ್ತಮ ಸಾಲಿದೆ. ಫೋನಿನಲ್ಲಿ ಜಾಗ ತುಂಬಿದೆ, ತಿಂಗಳಿಗಿಷ್ಟು ಕಟ್ಟಿದರೆ ನೆನಪುಗಳು ಸುರಕ್ಷಿತ ಎಂಬ ಸೂಚನೆ ಬಂದಾಗ, ಜಾತ್ರೆಯ ಫೋಟೋ ನೋಡುತ್ತಿದ್ದ ನಿಮ್ಮ ತಾಯಿ ‘ನಮ್ಮ ಫೋಟೋ ನಾವ್ ನೋಡ್ಲಾಕ ಇವ್ರು ಬಾಡಗಿ ಕೇಳಲತ್ತಾರೇನು?’ ಎಂದರಂತೆ. ಯಾವ ಕಂಪನಿ ಎಂದು ನೀವು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಆ ಮಾತಿನಲ್ಲಿ ‘ಇವ್ರು’ ಇದ್ದಾರೆ, ‘ಬಾಡಗಿ’ ಇದೆ; ಕಂಪನಿಯ ಸೂಚನೆಯಲ್ಲಿ ಎರಡೂ ಇರಲಿಲ್ಲ. ಲೇಖನ ಅಲ್ಲಿಂದಲೇ ಆರಂಭವಾಗಲಿ, ತಂತ್ರಜ್ಞಾನದ ಇತಿಹಾಸ ಹೇಳುವ ಮೊದಲ ಒಂದೂವರೆ ಪುಟ ಪೂರ್ತಿ ಹೋಗಲಿ. ತಾಯಿಯವರ ಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿರಿ.

ಒಂದು ಸಾವಿರದ ಐನೂರು ಪದಗಳ ಒಳಗೆ ಮತ್ತೆ ಬರೆದು ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿದರೆ ಅದರ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ. ಶೀರ್ಷಿಕೆಯೂ ಬೇರೆ ಬೇಕು. ಕಳುಹಿಸುವ ಮೊದಲು ನಿಮ್ಮ ತಾಯಿಯವರಿಗೆ ಓದಿ ಹೇಳಿ, ಅವರ ಮಾತನ್ನು ಅಚ್ಚು ಹಾಕಲು ಒಪ್ಪಿಗೆ ಇದೆಯೇ ಎಂದು ಕೇಳಿರಿ.

ಇತಿ,
ಸಂಪಾದಕ
ಕಲಬುರಗಿ