ಚಿಯರ್ ತಂಡದ ಹೊಣೆ ಒಪ್ಪಿಕೊಳ್ಳುವ ಮುನ್ನ

ನಮಸ್ಕಾರ. ಮೈಸೂರಿನಿಂದ ಬಂದು ಡಲ್ಲಾಸ್ ಸಮೀಪದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವ ನಿಮ್ಮನ್ನು, ಭರತನಾಟ್ಯ ಬಲ್ಲವರೆಂಬ ಕಾರಣಕ್ಕೆ, ಮುಂದಿನ ವರ್ಷದಿಂದ ಚಿಯರ್‌ಲೀಡಿಂಗ್ ಕೋಚ್ ಆಗುವಂತೆ ಪ್ರಿನ್ಸಿಪಾಲರು ಕೇಳಿದ್ದಾರೆ. ಒಪ್ಪಿಕೊಳ್ಳಬಹುದೇ, ಒಪ್ಪಿಕೊಂಡರೆ ಸೀಸನ್ನಿಗೆ ಹೇಗೆ ಸಿದ್ಧಳಾಗಲಿ ಎಂದು ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಬಹಳ ವರ್ಷಗಳಿಂದ ಪಾಠದ ಜೊತೆಗೆ ಚಿಯರ್ ತಂಡವನ್ನೂ ನೋಡಿಕೊಂಡು ಬಂದವಳಾಗಿ ಹೇಳುತ್ತೇನೆ, ಧಾರಾಳವಾಗಿ ಒಪ್ಪಿಕೊಳ್ಳಿ. ನೀವು ಯಾವ ವೀಸಾದಲ್ಲಿದ್ದೀರಿ ಎಂದು ಬರೆದಿಲ್ಲ. ಕೋಚ್‌ಗಳಿಗೆ ಸಾಮಾನ್ಯವಾಗಿ ಸಂಬಳದ ಹೊರತಾಗಿ ಪ್ರತ್ಯೇಕ ಸ್ಟೈಪೆಂಡ್ ಕೊಡುವುದರಿಂದ, ನಿಮ್ಮ ವೀಸಾಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ವಲಸೆ ವಕೀಲರಿಂದ ಬರಹದಲ್ಲಿ ಪಡೆದುಕೊಂಡ ಮೇಲೆಯೇ ಸಹಿ ಹಾಕಿ.

ಊರಿನಲ್ಲಿ ನಿಮ್ಮ ತಾಯಿಯವರು ಈ ಕೆಲಸದ ಹೆಸರು ಕೇಳಿಯೇ ಬೇಸರಪಟ್ಟರೆಂದು ಬರೆದಿದ್ದೀರಿ. ಅವರ ಆತಂಕ ನನಗೆ ಅರ್ಥವಾಗುತ್ತದೆ. 2008ರಲ್ಲಿ ಐಪಿಎಲ್ ಶುರುವಾದಾಗ ವಾಷಿಂಗ್ಟನ್ನಿನ ಅಮೆರಿಕನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಬೆಂಗಳೂರಿಗೆ ಕರೆಸಿದ್ದರು. ನಮ್ಮ ಕಡೆಯವರ ಮನಸ್ಸಿನಲ್ಲಿ ಉಳಿದಿರುವುದು ಆ ಚಿತ್ರ. ಶಾಲೆಯ ಚಿಯರ್ ಅದಕ್ಕಿಂತ ತೀರ ಬೇರೆ. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದಲ್ಲಿಂದ ಬೆಳೆದು ಬಂದದ್ದು ಇದು. ಇಂದು ಇದರಲ್ಲಿ ಮನುಷ್ಯರನ್ನು ಗಾಳಿಯಲ್ಲಿ ಎತ್ತುವ ಕಸರತ್ತು ಸೇರಿಕೊಂಡಿದೆ. ಆದ್ದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಚಿಯರ್‌ಲೀಡಿಂಗನ್ನು ಕ್ರೀಡೆಯೆಂದು ಪರಿಗಣಿಸಿ ಇತರ ಆಟಗಾರರಿಗಿರುವ ವೈದ್ಯಕೀಯ ರಕ್ಷಣೆಯನ್ನು ಈ ಮಕ್ಕಳಿಗೂ ಕೊಡಬೇಕೆಂದು ಹೇಳಿತು. ಕೋಚ್ ಎಂದರೆ ಮೊದಲು ಆ ರಕ್ಷಣೆಯ ಹೊಣೆ ಹೊತ್ತವಳು, ನೃತ್ಯ ಸಂಯೋಜನೆ ಆಮೇಲಿನ ಮಾತು ಎಂಬುದನ್ನು ತಾಯಿಯವರಿಗೂ ತಿಳಿಸಿ, ನೀವೂ ನೆನಪಿಡಿ.

ಇಲ್ಲಿನ ಎಲ್ಲವೂ ಎಂಟರ ಎಣಿಕೆಯಲ್ಲಿ ನಡೆಯುತ್ತದೆ. ಆದಿತಾಳ ಮೈಯಲ್ಲಿ ಇಳಿದಿರುವ ನಿಮಗೆ ಅದು ಹೊಸತಾಗದು, ಕೈಯ ಚಲನೆಗಳ ಅಚ್ಚುಕಟ್ಟನ್ನೂ ನೀವು ಚೆನ್ನಾಗಿಯೇ ತಿದ್ದಬಲ್ಲಿರಿ. ನಿಮಗೆ ಗೊತ್ತಿಲ್ಲದ್ದು ಸ್ಟಂಟ್, ಅಂದರೆ ಆ ಎತ್ತುವ ಕಸರತ್ತು. ಅದನ್ನು ನೀವು ಕಲಿಯುವವರೆಗೆ ಯಾವ ಮಗುವನ್ನೂ ನೆಲದಿಂದ ಮೇಲಕ್ಕೆ ಎತ್ತಿಸಬೇಡಿ, ಹಿರಿಯ ವಿದ್ಯಾರ್ಥಿನಿಯರು ‘ನಮಗೆ ಬರುತ್ತದೆ’ ಎಂದು ಎಷ್ಟೇ ಒತ್ತಾಯಿಸಿದರೂ. ಮೊದಲು ರಾಜ್ಯಗಳ ಹೈಸ್ಕೂಲು ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಎಫ್‌ಎಚ್‌ಎಸ್ ಚಿಯರ್‌ನಂಥ ತಂಡಗಳಿಗಾಗಿ ಪ್ರಕಟಿಸುವ ಸ್ಪಿರಿಟ್ ನಿಯಮಪುಸ್ತಕವನ್ನು ತರಿಸಿ ಓದಿ. ಹೈಸ್ಕೂಲಿನಲ್ಲಿ ಮನುಷ್ಯರ ಪಿರಮಿಡ್ ಎರಡು ಹಂತ ಮೀರುವಂತಿಲ್ಲ, ತಲೆಯ ಮೇಲಕ್ಕೆ ಎತ್ತುವ ಸ್ಟಂಟಿಗೆ ಸ್ಪಾಟರ್ (ಬಿದ್ದರೆ ಹಿಡಿಯಲು ನಿಂತವಳು) ಇರಲೇಬೇಕು, ಹುಡುಗಿಯನ್ನು ಗಾಳಿಗೆ ಎಸೆದು ಹಿಡಿಯುವ ಬ್ಯಾಸ್ಕೆಟ್ ಟಾಸ್ ಎಂಬ ಎಸೆತವನ್ನು ಹುಲ್ಲು, ಮ್ಯಾಟ್‌ನಂಥ ಮೆತ್ತನೆಯ ನೆಲದಲ್ಲಿ ಮಾಡಬಹುದೇ ಹೊರತು ಬ್ಯಾಸ್ಕೆಟ್‌ಬಾಲ್ ಅಂಕಣದ ಬರಿಯ ಮರದ ಹಲಗೆಯ ಮೇಲಲ್ಲ. ಟೆಕ್ಸಸ್‌ನ ಶಾಲಾ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಸಂಸ್ಥೆ ಕೋಚ್‌ಗಳಿಂದ ಬಯಸುವ ತರಬೇತಿಗಳ ಪಟ್ಟಿಯನ್ನು ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಬಳಿ ಕೇಳಿ, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ತುರ್ತು ಚಿಕಿತ್ಸೆ) ಮತ್ತು ತಲೆಪೆಟ್ಟಿನ ಕೋರ್ಸುಗಳನ್ನೂ ಬೇಸಿಗೆಗೆ ಮುಂಚೆ ಮುಗಿಸಿಕೊಳ್ಳಿ.

ಭುಜದೆತ್ತರದ ಸ್ಟಂಟನ್ನೇ ನೋಡೋಣ. ಕೆಳಗಿನಿಂದ ಎತ್ತುವ ಇಬ್ಬರು ಬೇಸ್‌ಗಳು ಎದುರುಬದುರಾಗಿ ನಿಂತು, ಬೆನ್ನು ಬಾಗಿಸದೆ ಮೊಣಕಾಲು ಬಗ್ಗಿಸಿ, ಮೇಲೇರುವ ಫ್ಲೈಯರಳ ಒಂದೊಂದು ಪಾದವನ್ನು ಎರಡೂ ಕೈಗಳಲ್ಲಿ ಹಿಡಿದು ಕಾಲಿನ ಬಲದಿಂದ ಮೇಲೇಳುತ್ತಾರೆ. ಹಿಂದೆ ನಿಂತ ಬ್ಯಾಕ್‌ಸ್ಪಾಟ್ ಫ್ಲೈಯರಳ ಹರಡುಗಳನ್ನು ಹಿಡಿದು ಭಾರ ಹಂಚಿಕೊಳ್ಳುತ್ತಾಳೆ, ಎಣಿಕೆ ಕೂಗುವವಳೂ ಸಾಮಾನ್ಯವಾಗಿ ಅವಳೇ. ಹೊಸ ಕೋಚ್‌ಗಳ ಕಣ್ಣು ಫ್ಲೈಯರಳ ನಗುಮುಖದ ಮೇಲೆ ನೆಟ್ಟಿರುತ್ತದೆ. ನೀವು ಬ್ಯಾಕ್‌ಸ್ಪಾಟ್‌ಳ ಕಣ್ಣನ್ನು ನೋಡಿ. ಅವಳು ಪ್ರೇಕ್ಷಕರತ್ತ ನೋಡಿದ ಕ್ಷಣವೇ ಸ್ಟಂಟನ್ನು ಇಳಿಸಿರಿ. ಇಳಿಸುವುದನ್ನು ಎತ್ತುವುದಕ್ಕಿಂತ ಹೆಚ್ಚು ಬಾರಿ ಅಭ್ಯಾಸ ಮಾಡಿಸಬೇಕು, ಏಕೆಂದರೆ ಹಿಡಿತ ತಪ್ಪಿದಾಗ ಫ್ಲೈಯರಳನ್ನು ನೆಲ ಮುಟ್ಟಗೊಡದೆ ಹಿಡಿಯುವುದು ಮೂವರಿಗೂ ಯೋಚಿಸದೆಯೇ ಬರುವಂತಿರಬೇಕು. ಪೆಟ್ಟಾದಾಗ ಯಾರು ಆಂಬುಲೆನ್ಸಿಗೆ ಕರೆ ಮಾಡಬೇಕು, ಗೇಟಿನ ಬೀಗದ ಕೈ ಯಾರ ಬಳಿ ಇದೆ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಎಲ್ಲಿದೆ ಎಂಬುದನ್ನು, ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಜೊತೆ ಕುಳಿತು ಬರೆದಿಡಿ. ಆಗಸ್ಟ್‌ನಲ್ಲಿ ಇಲ್ಲಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ದೇಹ ಅದಕ್ಕೆ ಒಗ್ಗಲು 10ರಿಂದ 14 ದಿನ ಹಿಡಿಯುವುದರಿಂದ ಹೊರಗಿನ ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿಯೇ ಹೆಚ್ಚಿಸಿ.

ಇನ್ನೊಂದು ಮಾತನ್ನು ನಮ್ಮವರೆಂಬ ಸಲಿಗೆಯಿಂದ ಹೇಳುತ್ತೇನೆ. ‘ಸ್ವಲ್ಪ ದಪ್ಪಗಾಗಿದ್ದೀಯಲ್ಲ’ ಎಂದು ನಮ್ಮೂರಿನಲ್ಲಿ ಪ್ರೀತಿಯಿಂದಲೇ ಅನ್ನುತ್ತೇವೆ. ಇಲ್ಲಿ ಆ ಮಾತು ನಿಮ್ಮ ಬಾಯಿಂದ ಒಮ್ಮೆಯೂ ಬರಕೂಡದು. ಯಾರು ಫ್ಲೈಯರ್, ಯಾರು ಬೇಸ್ ಎಂಬುದನ್ನು ಕೌಶಲ, ಬಲ, ಸಮತೋಲ ನೋಡಿ ನಿರ್ಧರಿಸಿ. ತೂಕದ ಯಂತ್ರವನ್ನು ಅಭ್ಯಾಸದ ಕೋಣೆಗೆ ತರಲೇಬೇಡಿ. ಈ ವಯಸ್ಸಿನ ಹುಡುಗಿಯರು ಒಂದು ಮಾತಿಗೆ ಊಟ ಬಿಡಬಲ್ಲರು. ಮೈ ಮುಟ್ಟಿ ತಿದ್ದುವಾಗ ಮೊದಲು ಕೇಳಿ, ಎಲ್ಲರೆದುರಿಗೇ ತಿದ್ದಿ.

ತಂಡದ ಆಯ್ಕೆ ಪರೀಕ್ಷೆಯಾದ ಟ್ರೈಔಟ್ ಸಾಮಾನ್ಯವಾಗಿ ವಸಂತದಲ್ಲೇ ನಡೆಯುತ್ತದೆ. ಹೊರಗಿನ ತೀರ್ಪುಗಾರರನ್ನು ಕರೆಸಿ, ಅಂಕದ ಹಾಳೆಗಳನ್ನು ಜೋಪಾನ ಮಾಡಿ. ಅದಕ್ಕೂ ಮೊದಲು ಪೋಷಕರ ಸಭೆ ಕರೆದು, ತಂಡದ ನಿಯಮಾವಳಿಯನ್ನು (ಇಲ್ಲಿ ಅದನ್ನು ಚಿಯರ್ ಕಾನ್ಸ್‌ಟಿಟ್ಯೂಷನ್ ಎನ್ನುತ್ತಾರೆ) ಓದಿ ಹೇಳಿ ಸಹಿ ಪಡೆಯಿರಿ. ಸಮವಸ್ತ್ರ, ಶೂ, ಬೇಸಿಗೆ ಶಿಬಿರ ಎಲ್ಲ ಸೇರಿ ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಆಯ್ಕೆಗೆ ಮೊದಲೇ ತಿಳಿಸುವುದು ನ್ಯಾಯ. ಹಣವಿಲ್ಲದ ಮಗು ಆಯ್ಕೆಯಾದ ಮೇಲೆ ಹಿಂದೆ ಸರಿಯುವಂತಾಗಬಾರದು. ಹಣವನ್ನು ನೀವು ಕೈಯಲ್ಲಿ ಇಟ್ಟುಕೊಳ್ಳದೆ ಅಂದೇ ಶಾಲೆಯ ಬುಕ್‌ಕೀಪರ್‌ಗೆ ಕೊಟ್ಟು ರಸೀದಿ ಪಡೆಯಿರಿ. ಟೆಕ್ಸಸ್‌ನಲ್ಲಿ 1984ರಿಂದ ‘ನೋ ಪಾಸ್, ನೋ ಪ್ಲೇ’ ಕಾನೂನಿದೆ. ಅದರಂತೆ ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದ ವಿದ್ಯಾರ್ಥಿ ಸ್ವಲ್ಪ ಕಾಲ ಪ್ರದರ್ಶನದಿಂದ ಹೊರಗಿರಬೇಕಾಗುತ್ತದೆ. ಹಾಗಾಗಿ ಪ್ರತಿ ಸ್ಟಂಟ್ ಗುಂಪಿಗೂ ಬದಲಿ ಆಳುಗಳನ್ನು ತಯಾರು ಮಾಡಿಟ್ಟುಕೊಳ್ಳಿ. ಮೊಬೈಲ್ ಪೋಸ್ಟ್‌ಗಳ ಬಗ್ಗೆ ನಿಯಮ ಬರೆಯುವಾಗ ಶಾಲೆಯ ವಕೀಲರನ್ನು ಕೇಳಿಯೇ ಬರೆಯಿರಿ. ಪೆನ್ಸಿಲ್ವೇನಿಯದಲ್ಲಿ ಮುಖ್ಯ ತಂಡಕ್ಕೆ ಆಯ್ಕೆಯಾಗದ ಹುಡುಗಿಯೊಬ್ಬಳು ವಾರಾಂತ್ಯದಲ್ಲಿ, ಶಾಲೆಯ ಹೊರಗೆ, ಸ್ನ್ಯಾಪ್‌ಚಾಟ್‌ನಲ್ಲಿ ಬೈದದ್ದಕ್ಕಾಗಿ ಕಿರಿಯರ ತಂಡದಿಂದಲೂ ಒಂದು ವರ್ಷ ಹೊರಹಾಕಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ 8–1ರ ತೀರ್ಪು ಹುಡುಗಿಯ ಪರವಾಗಿ ಬಂದಿತು.

ನಿಮ್ಮ ತಂಡ ಘೋಷಣೆ ಕೂಗುವ ಅಮೆರಿಕನ್ ಫುಟ್‌ಬಾಲ್ ಆಟವನ್ನೂ ಕಲಿಯಲೇಬೇಕು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗುವುದೇ ಅದರ ಮೂಲ ಲೆಕ್ಕ. ಚೆಂಡು ಯಾರ ಬಳಿ ಇದೆಯೆಂದು ತಿಳಿಯದಿದ್ದರೆ ನಿಮ್ಮ ತಂಡವೇ ದಾಳಿ ನಡೆಸುತ್ತಿರುವಾಗ ಮಕ್ಕಳು ‘ಡಿಫೆನ್ಸ್’ ಎಂದು ಕೂಗಿಯಾರು. ಆಟಗಾರನೊಬ್ಬ ಪೆಟ್ಟಾಗಿ ಬಿದ್ದರೆ, ಅವನು ಯಾವ ತಂಡದವನಾದರೂ ಸರಿ, ಘೋಷಣೆ ತಕ್ಷಣ ನಿಲ್ಲಬೇಕು. ಈಗಿನಿಂದಲೇ ಶಾಲೆಯ ಹಳೆಯ ಪಂದ್ಯಗಳ ವಿಡಿಯೋಗಳನ್ನು ನೋಡಿ. ಯಾವ ಘೋಷಣೆಗೆ ಬ್ಯಾಂಡ್ ಮತ್ತು ವಿದ್ಯಾರ್ಥಿಗಳು ದನಿಗೂಡಿಸುತ್ತಾರೆ ಎಂದು ಗುರುತಿಸಿಕೊಂಡು, ಅವನ್ನು ಮೊದಲ ವರ್ಷ ಹಾಗೆಯೇ ಉಳಿಸಿಕೊಳ್ಳಿ.

ಟ್ರೈಔಟ್ ಮುಗಿದ ವಾರವೇ ಸಮವಸ್ತ್ರದ ಅಳತೆ ಕೊಟ್ಟುಬಿಡಿ, ತಡವಾದರೆ ಮೊದಲ ಪಂದ್ಯಕ್ಕೆ ಬಟ್ಟೆ ಬಾರದು. ಬೇಸಿಗೆ ಶಿಬಿರಕ್ಕೆ ತಂಡದೊಂದಿಗೆ ನೀವೂ ಹೋಗಿ, ಅಲ್ಲಿನ ತರಬೇತುದಾರರ ಪಕ್ಕದಲ್ಲೇ ನಿಂತು ಸ್ಟಂಟ್ ಹಿಡಿಯುವುದನ್ನು ಕಲಿಯಿರಿ. ಹಿಂದಿನ ಕೋಚ್ ಬಿಟ್ಟುಹೋದ ಕಾನ್ಸ್‌ಟಿಟ್ಯೂಷನ್ ಕೈಗೆ ಸಿಕ್ಕ ಕೂಡಲೇ ನನಗೆ ಕಳುಹಿಸಿದರೆ, ಪೋಷಕರ ಸಭೆಗೆ ಮೊದಲು ಸಾಲು ಸಾಲಾಗಿ ಓದಿ ತಿದ್ದಿಕೊಡುತ್ತೇನೆ.