ಲಾಗ್ 2 ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ

ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ದ್ವಿತೀಯ ಪಿಯು ವಿಜ್ಞಾನದ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಕೆಮಿಸ್ಟ್ರಿ, ಮ್ಯಾಥ್ಸ್ ಎರಡೂ ತಲೆಗೆ ಹೋಗುತ್ತಿಲ್ಲವಂತೆ. ಗೆಳತಿಯರು ಕಲಬುರಗಿಯಲ್ಲಿ ರೂಮ್ ಮಾಡಿ ಒಂದು ತಿಂಗಳ ಕ್ರ್ಯಾಶ್ ಕೋರ್ಸ್ ಸೇರಿದ್ದಾರೆ. ‘ಅಪ್ಪ ಸಾಲ ತರ್ತೀನಿ ಅಂತಾನ್ರಿ. ಹೋಗ್ಲೋ ಬ್ಯಾಡೋ?’ ಎಂದು ಕೇಳಿದ್ದಾಳೆ. ಬಿಡಿಸಲಾಗದ ಮೂರು ಲೆಕ್ಕಗಳನ್ನೂ ಕಳಿಸಿದ್ದಾಳೆ.

ತಂಗಿ, ಹೋಗಬೇಡ. ನಿನ್ನ ಲೆಕ್ಕಗಳನ್ನು ನೋಡಿಯೇ ಹೇಳುತ್ತಿದ್ದೇನೆ. ಮೂರರಲ್ಲೂ ಸೂತ್ರ ಸರಿ ಇದೆ. ಬೆಲೆಗಳನ್ನೂ ಸರಿಯಾಗಿ ಹಾಕಿದ್ದೀಯ. ನೀನು ನಿಂತದ್ದು ಒಂದೇ ಕಡೆ, ಲಾಗ್ (ಲಾಗರಿದಮ್) ಬಂದ ಸಾಲಿನಲ್ಲಿ. ಅಂದರೆ ನಿನಗೆ ಕೆಮಿಸ್ಟ್ರಿ ಬರುತ್ತದೆ, ಲಾಗ್ ಬರುವುದಿಲ್ಲ. ಅದನ್ನು ನಿನಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅದು ಇಲ್ಲ. ಪಿಯುಗೆ ಬಂದ ಮೇಲೆ ಗೊತ್ತಿದೆ ಅಂದುಕೊಂಡು ಪಾಠ ಮುಂದೆ ಓಡುತ್ತದೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.

10ಕ್ಕೆ ಯಾವ ಘಾತ ಹಾಕಿದರೆ ಈ ಸಂಖ್ಯೆ ಬರುತ್ತದೆ? ಲಾಗ್ ಕೇಳುವುದು ಇಷ್ಟೇ. 100 ಬರಲು 2 ಬೇಕು, ಹಾಗಾಗಿ ಲಾಗ್ 100 ಅಂದರೆ 2. ಗುಣಾಕಾರ ಇದ್ದಲ್ಲಿ ಲಾಗ್‌ಗಳನ್ನು ಕೂಡಿಸು, ಭಾಗಾಕಾರ ಇದ್ದಲ್ಲಿ ಕಳೆ. ಎರಡನ್ನು ಮಾತ್ರ ಬಾಯಿಪಾಠ ಮಾಡು: ಲಾಗ್ 2 = 0.3010, ಲಾಗ್ 3 = 0.4771. 5 ಬೇಕಾದರೆ 10ನ್ನು 2ರಿಂದ ಭಾಗಿಸಿದಂತೆ, 1ರಲ್ಲಿ 0.3010 ಕಳೆ, 0.6990 ಬಂತು. 4, 6, 8, 9 ಕೂಡ ಹೀಗೇ ಸಿಗುತ್ತವೆ.

ಈಗ ನಿನ್ನ ಎರಡನೇ ಲೆಕ್ಕ. ಫಸ್ಟ್ ಆರ್ಡರ್ ಕ್ರಿಯೆ (ಉಳಿದ ವಸ್ತು ಎಷ್ಟಿದೆಯೋ ಅದಕ್ಕೆ ತಕ್ಕ ವೇಗದಲ್ಲಿ ನಡೆಯುವ ರಾಸಾಯನಿಕ ಕ್ರಿಯೆ) 99.9% ಮುಗಿಯಲು ಅರ್ಧಾಯುವಿನ, ಅಂದರೆ ವಸ್ತು ಅರ್ಧಕ್ಕೆ ಇಳಿಯುವ ಸಮಯದ, ಸುಮಾರು 10 ಪಟ್ಟು ಸಮಯ ಬೇಕು ಎಂದು ತೋರಿಸಬೇಕು, ಅಲ್ವಾ? ನೀನು ಬರೆದ ಸೂತ್ರ: ಸಮಯ = (2.303 ÷ ಕೆ) × ಲಾಗ್ (ಮೊದಲಿದ್ದದ್ದು ÷ ಉಳಿದದ್ದು). ಕೆ ಅಂದರೆ ಕ್ರಿಯೆಯ ವೇಗದ ಸ್ಥಿರಾಂಕ. 100ರಲ್ಲಿ ಉಳಿದದ್ದು 0.1. 100ನ್ನು 0.1ರಿಂದ ಭಾಗಿಸಿದರೆ 1000. ಅದರ ಲಾಗ್ 3. 2.303 × 3 = 6.909. ಅರ್ಧಾಯುವಿನಲ್ಲಿ ಉಳಿಯುವುದು 50, ಹಾಗಾಗಿ ಬರುವುದು ಲಾಗ್ 2. 2.303 × 0.3010 = 0.693. ಈ 0.693 ಎಲ್ಲಿಂದ ಬಂತು ಅಂತ ಕೇಳಿದ್ದೆಯಲ್ಲ, ಇಲ್ಲಿಂದಲೇ. ಕೆ ಎರಡೂ ಕಡೆ ಇದೆ, ಹೊಡೆದುಹಾಕು. 6.909ನ್ನು 0.693ರಿಂದ ಭಾಗಿಸಿದರೆ 9.97. ಲೆಕ್ಕ ಮುಗಿಯಿತು.

ಇನ್ನು 2.303. ಮ್ಯಾಥ್ಸ್‌ನಲ್ಲಿ ನೀನು ಡಿಫರೆನ್ಶಿಯೇಟ್ ಮಾಡುವ ಲಾಗ್‌ಗೆ ಬೇಸ್ (ಘಾತ ಹಾಕುವ ಸಂಖ್ಯೆ) e, ಅಂದರೆ ಸುಮಾರು 2.718; ಕೆಮಿಸ್ಟ್ರಿಯ ಲೆಕ್ಕದಲ್ಲಿ 10. ಒಂದರಿಂದ ಇನ್ನೊಂದಕ್ಕೆ ಹೋಗಲು ಈ ಸಂಖ್ಯೆ ಬೇಕು. ನೀನು ಎರಡು ಕಷ್ಟ ಅಂದುಕೊಂಡದ್ದರಲ್ಲಿ ಬಹುಪಾಲು ಒಂದೇ ಕಷ್ಟ. ಬ್ಯಾಟರಿಯಂಥ ಕೋಶದ ವೋಲ್ಟೇಜ್ ಹೇಳುವ ನರ್ನ್ಸ್ಟ್ ಸಮೀಕರಣದಲ್ಲೂ 0.0591ರ ಪಕ್ಕ ಕೂತಿರುವುದು ಇದೇ ಲಾಗ್.

ಒಂದು ವಾರ ದಿನಾ ಒಂದು ತಾಸು ಬರೀ ಇದನ್ನೇ ಮಾಡು. ಸುಮ್ನೆ ಓದಬೇಡ, ಕೈಯಿಂದ ಬರೆ. ಕೆಮಿಸ್ಟ್ರಿಯಲ್ಲಿ ಬರವಣಿಗೆಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಆ 30ನ್ನು ಬಿಟ್ಟುಕೊಡಬೇಡ. ಅಂಕ ಕಡಿಮೆಯಾದರೂ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಈಗ ಇದೆ, ಜಾಸ್ತಿ ಬಂದದ್ದೇ ಉಳಿಯುತ್ತದೆ. ಅಪ್ಪನಿಗೆ ಇದನ್ನು ಓದಿ ಹೇಳು. ಸಾಲ ಬೇಡ.

ಶಹಾಪುರ, ಸುರಪುರ ಕಡೆಯ ನಿವೃತ್ತ ಉಪನ್ಯಾಸಕರು ಯಾರಾದರೂ ಇದನ್ನು ಓದುತ್ತಿದ್ದರೆ, ಪರೀಕ್ಷೆವರೆಗೆ ಭಾನುವಾರಕ್ಕೆ ಎರಡು ತಾಸು ಕೊಡಲು ಆಗುತ್ತದೆಯೇ? ಪತ್ರಿಕೆಗೆ ಒಂದು ಸಾಲು ಬರೆಯಿರಿ, ಈ ಹುಡುಗಿಗೆ ತಿಳಿಸುತ್ತೇನೆ. ತಂಗಿ, ನೀನು ಲಾಗ್ 12 ಎಷ್ಟು ಅಂತ ಬಿಡಿಸಿ ಕಳಿಸು.