ಆ ಊರು ನೆನಪಾದರೆ ತಪ್ಪೇನು?

ಏಳು ವರ್ಷ ಆಮ್‌ಸ್ಟರ್‌ಡಾಮ್‌ನಲ್ಲಿದ್ದು ಜಯನಗರಕ್ಕೆ ಮರಳಿರುವ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಕೈ ಹಿಡಿದು ಶಾಲೆಗೆ ನಡೆಯುತ್ತಿದ್ದ ಬೀದಿ ದಿನವೂ ನೆನಪಾಗುತ್ತದೆ. ಮನೆಯವರು, ಬಂದಾಯ್ತಲ್ಲ, ಇನ್ನು ಆ ಊರಿನ ಜಪ ಬಿಡು ಅನ್ನುತ್ತಾರೆ. ನನ್ನದು ತಪ್ಪೇ? ಆ ಶಿಸ್ತು ಅವರ ರಕ್ತದಲ್ಲೇ ಇದೆ, ನಮಗೆಲ್ಲಿ ಬರಬೇಕು?’

ಖಂಡಿತ ತಪ್ಪಲ್ಲ. ಮನೆಯವರ ಮಾತಿನಲ್ಲೂ ಹುರುಳಿದೆ, ಸದಾ ಹೋಲಿಸುತ್ತ ಕೂತರೆ ಇರುವ ಊರು ಒಗ್ಗುವುದಿಲ್ಲ. ಆದರೆ ಅಳುಕಿಲ್ಲದೆ ಮಗುವನ್ನು ನಡೆಸಿಕೊಂಡು ಹೋಗುವ ನೆಮ್ಮದಿಯನ್ನು ಮರೆತುಬಿಡಿ ಎನ್ನಲು ನನಗೆ ಮನಸ್ಸು ಬಾರದು.

ರಕ್ತದ ಮಾತನ್ನು ಮಾತ್ರ ಒಪ್ಪಲಾರೆ. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಹೆತ್ತವರು ಬೀದಿಗಿಳಿದರು. 1975ರಲ್ಲಿ ಮೆಟ್ರೊಗಾಗಿ ಆಮ್‌ಸ್ಟರ್‌ಡಾಮ್‌ನ ಹಳೆಯ ಬಡಾವಣೆ ನ್ಯೂಮಾರ್ಕ್ಟ್‌ನ ಮನೆಗಳನ್ನು ಕೆಡವಲು ಬಂದಾಗ ಪೊಲೀಸರೊಡನೆ ಹೊಡೆದಾಟವೇ ನಡೆಯಿತು. ಮುಂದೆ ಅಲ್ಲಿ ಹಳೆಯ ಬೀದಿಗಳ ಸಾಲಿನಲ್ಲೇ ಮನೆಗಳು ಎದ್ದವು. ನಗರದ ಹೆಚ್ಚಿನ ಬೀದಿಗಳಿಗೆ ಗಂಟೆಗೆ 30 ಕಿ.ಮೀ. ಮಿತಿ ಬಂದದ್ದಂತೂ ಮೊನ್ನೆ ಮೊನ್ನೆ, 2023ರ ಡಿಸೆಂಬರಿನಲ್ಲಿ.

ನೀವು ನಡೆದ ಬೀದಿಯನ್ನೇ ನೆನಪಿಸಿಕೊಳ್ಳಿ. ಅಲ್ಲಿನ ಒಳಬೀದಿಗಳಲ್ಲಿ ಸಿಮೆಂಟಿಲ್ಲದೆ, ಚೆನ್ನಾಗಿ ದಮ್ಮಸು ಮಾಡಿದ ಮರಳಿನ ಮೇಲೆ ಇಟ್ಟಿಗೆ ಜೋಡಿಸುತ್ತಾರೆ. ಪೈಪು ಕೆಟ್ಟರೆ ಇಟ್ಟಿಗೆ ಎತ್ತಿಟ್ಟು ರಿಪೇರಿ ಮಾಡಿ, ಮರಳನ್ನು ಪದರ ಪದರವಾಗಿ ದಮ್ಮಸು ಮಾಡಿ, ಅದೇ ಇಟ್ಟಿಗೆಯನ್ನು ಮತ್ತೆ ಕೂರಿಸುತ್ತಾರೆ. ಅಡ್ಡರಸ್ತೆ ಬಂದರೂ ಬಹಳ ಕಡೆ ಫುಟ್‌ಪಾತ್ ಕೆಳಗಿಳಿಯುವುದಿಲ್ಲ; ಹತ್ತಿ ಇಳಿಯುವ ಕಷ್ಟ ಕಾರಿನದು.

ನಮ್ಮಲ್ಲೂ ಪೇವರ್ ಬ್ಲಾಕ್ ಹಾಕುತ್ತಾರೆ, ಸಡಿಲ ಮಣ್ಣಿನ ಮೇಲೆ ಒಂದಿಷ್ಟು ಎಂ-ಸ್ಯಾಂಡ್ ಚೆಲ್ಲಿ. ಅಂಚಿನ ಕಲ್ಲು ಗಟ್ಟಿಯಿಲ್ಲದಿದ್ದರೆ ಸಾಲಿಗೆ ಸಾಲೇ ಪಕ್ಕಕ್ಕೆ ಸರಿಯುತ್ತದೆ. ಸಂದಿಗೆ ಮರಳು ತುಂಬದಿದ್ದರೆ ಬ್ಲಾಕುಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಮೊದಲ ಮಳೆಗೇ ಅಡಿಯ ಮರಳು ಚರಂಡಿ ಸೇರುತ್ತದೆ. ಕಾಲಿಟ್ಟೊಡನೆ ಬ್ಲಾಕ್ ವಾಲಿ ಕೆಸರು ಮೊಣಕಾಲಿಗೆ ಚಿಮ್ಮುತ್ತದೆ. ನಿಯಮಕ್ಕೇನೂ ಬರವಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ, ಫುಟ್‌ಪಾತಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕು, ಎತ್ತರ 150 ಮಿ.ಮೀ. ಮೀರಬಾರದು ಎಂದಿತ್ತು. ರಸ್ತೆಗಳನ್ನು ಹೊಸದಾಗಿ ಕಟ್ಟುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಗೆ ಅಗಲವಾದ ಫುಟ್‌ಪಾತ್ ಬಂತು. ಅಲ್ಲಿ ಆದದ್ದು ವಾರ್ಡಿನ ಒಳರಸ್ತೆಗೆ ಏಕೆ ಆಗದು? ಕಾರು ಓಡಲು ಮೇಲ್ಸೇತುವೆಗೆ ಹಣ ಹುಟ್ಟುತ್ತದೆ, ಮುದುಕಿಯೊಬ್ಬಳು ಔಷಧದ ಅಂಗಡಿಗೆ ನಡೆಯಲು ಹುಟ್ಟುವುದಿಲ್ಲ. ಇದು ನನಗೆ ನುಂಗಲಾಗದ ಅನ್ಯಾಯ.

ಒಳ್ಳೆಯ ಬೀದಿ ಹೇಗಿರುತ್ತದೆಂದು ನಿಮ್ಮ ಕಾಲಿಗೆ ಗೊತ್ತು. ನಿಮ್ಮ ರಸ್ತೆಯಲ್ಲಿ ಕೆಲಸ ಶುರುವಾದ ದಿನವೇ ಹೋಗಿ ನಿಲ್ಲಿ. ಅಂಚಿನ ಕಲ್ಲು ಕಾಂಕ್ರೀಟಿನಲ್ಲಿ ಕೂತಿದೆಯೇ, ಕೆಳಗಿನ ಜಲ್ಲಿ ದಮ್ಮಸಾಗಿದೆಯೇ, ಮರಳು ಮಟ್ಟವಾಗಿ 3–4 ಸೆಂ.ಮೀ. ಇದೆಯೇ, ಕಂಪಿಸಿ ಕೂರಿಸುವ ಯಂತ್ರ ಬಂದಿದೆಯೇ, ಕೇಳಿ. ಬ್ಲಾಕ್ ಮುಚ್ಚಿದ ಮೇಲೆ ಅಡಿಯಲ್ಲೇನಿದೆ ಎಂದು ಯಾರಿಗೂ ಕಾಣದು.